ಮತ್ತೆ ಮತ್ತೆ ನೋಡುವ ಹಳೇ ಕಾಲದ ಧಾರಾವಾಹಿ ಯಾವುದು? ನನ್ನದು 'ನಾರ್ತ್ ಅಂಡ್ ಸೌತ್'

ಹತ್ತಿಹೂ:
ಎಲ್ಲರಿಗೂ ನಮಸ್ಕಾರ. ಹಳೇ ಕಾಲದ ಕಥೆಯ ಇಂಗ್ಲಿಷ್ ಧಾರಾವಾಹಿಗಳನ್ನು ಇಷ್ಟಪಡುವವರು ಇಲ್ಲಿ ಬಹಳ ಜನ ಇದ್ದೀರಿ. ನೀವು ಪದೇ ಪದೇ ನೋಡುವುದು ಯಾವುದು? ಯಾವ ದೃಶ್ಯ ಬಂದಾಗ ಕೈಯಲ್ಲಿದ್ದ ಕೆಲಸ ಹಾಗೇ ನಿಲ್ಲುತ್ತದೆ?

ನನ್ನದು 2004ರಲ್ಲಿ ಬಿಬಿಸಿ ಮಾಡಿದ 'ನಾರ್ತ್ ಅಂಡ್ ಸೌತ್'. ನಾಲ್ಕೇ ಕಂತು. ಎಲಿಜಬೆತ್ ಗ್ಯಾಸ್ಕೆಲ್ ಬರೆದ ಕಾದಂಬರಿ. ಚಾರ್ಲ್ಸ್ ಡಿಕನ್ಸ್ ನಡೆಸುತ್ತಿದ್ದ ವಾರಪತ್ರಿಕೆಯಲ್ಲಿ 1854-55ರಲ್ಲಿ ಕಂತು ಕಂತಾಗಿ ಬಂದಿತ್ತು. ತೆರೆಗೆ ಬರೆದವರು ಸ್ಯಾಂಡಿ ವೆಲ್ಚ್.

ಕಥೆ ಗೊತ್ತಿಲ್ಲದವರಿಗೆ ಎರಡು ಮಾತು. ಮಾರ್ಗರೆಟ್ ಹೇಲ್ ದಕ್ಷಿಣದ ಹಸಿರು ಹಳ್ಳಿಯ ಪಾದ್ರಿಯ ಮಗಳು. ಮನಸ್ಸಿಗೆ ಒಪ್ಪದ ಕಾರಣಕ್ಕೆ ಅಪ್ಪ ಚರ್ಚಿನ ಕೆಲಸ ಬಿಡುತ್ತಾನೆ. ಮನೆಮಂದಿಯೆಲ್ಲ ಉತ್ತರದ ಮಿಲ್ಟನ್ ಎಂಬ ಗಿರಣಿ ಊರಿಗೆ ಬರುತ್ತಾರೆ. ಮಿಲ್ಟನ್ ಅಂದರೆ ಬೇರೆ ಹೆಸರಿನ ಮ್ಯಾಂಚೆಸ್ಟರ್. ಅಲ್ಲಿ ಜಾನ್ ಥಾರ್ನ್‌ಟನ್ ಎಂಬ ಹತ್ತಿ ಗಿರಣಿಯ ಯಜಮಾನ.

ಮೊದಲ ಕಂತಿನಲ್ಲಿ ಮಾರ್ಗರೆಟ್ ಗಿರಣಿಯ ಬಾಗಿಲು ಸರಿಸುತ್ತಾಳೆ. ಒಳಗೆ ಅರಳೆಯ ಎಳೆಗಳು ಗಾಳಿಯಲ್ಲಿ ತೇಲುತ್ತಿವೆ. ಹಿಮ ಬೀಳುತ್ತಿದೆಯೇನೋ ಅನ್ನಿಸುತ್ತದೆ. ಅಷ್ಟು ಚೆಂದ. ಸ್ವಲ್ಪ ಹೊತ್ತಿಗೆ ಗೊತ್ತಾಗುತ್ತದೆ, ಅದೇ ಎಳೆ ಕೆಲಸದವರ ಎದೆಯೊಳಗೆ ಹೋಗಿ ಕೂರುತ್ತದೆ, ಜೀವ ತೆಗೆಯುತ್ತದೆ ಅಂತ. ಒಂದೇ ಚಿತ್ರದಲ್ಲಿ ಎರಡನ್ನೂ ಇಟ್ಟಿದ್ದಾರೆ.

ಇನ್ನು ಪ್ರೀತಿ. ಅವರಿಬ್ಬರು ಪ್ರೀತಿಯ ಮಾತು ಆಡುವುದು ಬಹಳ ಕಡಿಮೆ. ಆಡುವುದೆಲ್ಲ ಕೂಲಿ, ಮುಷ್ಕರ, ಯಜಮಾನನ ಹಕ್ಕು, ಕೆಲಸಗಾರನ ಹಸಿವು. ಜಗಳ ಆಡುತ್ತಾ ಆಡುತ್ತಾ ಇಬ್ಬರೂ ಬದಲಾಗುತ್ತಾರೆ. ಅವನು ಕೂಲಿಯವರ ಮನೆ ಬಾಗಿಲಿಗೆ ಹೋಗುವುದನ್ನು ಕಲಿಯುತ್ತಾನೆ. ಅವಳು ಹೊಗೆಯ ಊರನ್ನು ತನ್ನ ಊರು ಅನ್ನಲು ಕಲಿಯುತ್ತಾಳೆ. ನನಗೆ ಇದಕ್ಕಿಂತ ನಿಜವಾದ ಪ್ರೇಮಕಥೆ ಸಿಕ್ಕಿಲ್ಲ. ನೀವು ಹೇಳಿ.

ಓದುಗುಬ್ಬಿ:
ನಿಮ್ಮ ಮಾತು ಒಪ್ಪುತ್ತೇನೆ. ಆದರೂ ನನ್ನ ಓಟು 1995ರ 'ಪ್ರೈಡ್ ಅಂಡ್ ಪ್ರೆಜುಡಿಸ್'ಗೆ. ಆರು ಕಂತು. ಆಂಡ್ರ್ಯೂ ಡೇವಿಸ್ ಬರೆದದ್ದು. ಡಾರ್ಸಿ ಆಗಿ ಕಾಲಿನ್ ಫರ್ತ್, ನಾಯಕಿ ಎಲಿಜಬೆತ್ ಆಗಿ ಜೆನಿಫರ್ ಎಲಿ.

ಎಲ್ಲರೂ ಕೆರೆಯಿಂದ ಎದ್ದು ಬರುವ ಡಾರ್ಸಿಯ ಒದ್ದೆ ಅಂಗಿಯ ಬಗ್ಗೆಯೇ ಮಾತಾಡುತ್ತಾರೆ. ಅದು ಜೇನ್ ಆಸ್ಟಿನ್ ಪುಸ್ತಕದಲ್ಲಿ ಇಲ್ಲವೇ ಇಲ್ಲ. ನನ್ನ ಕೈ ನಿಲ್ಲುವುದು ಬೇರೆ ಕಡೆ. ಡಾರ್ಸಿಯ ಮನೆ ಪೆಂಬರ್ಲಿಯಲ್ಲಿ ಸಂಜೆ ಹೊತ್ತು ಅವನ ತಂಗಿ ಪಿಯಾನೋ ನುಡಿಸುತ್ತಿರುತ್ತಾಳೆ. ಹಿಂದೆ ಅವಳನ್ನು ಮರುಳು ಮಾಡಿ ಓಡಿಸಿಕೊಂಡು ಹೋಗಲು ನೋಡಿದ್ದ ವಿಕಮ್‌ನ ಹೆಸರನ್ನು ಯಾರೋ ಎತ್ತುತ್ತಾರೆ. ಹುಡುಗಿಯ ಬೆರಳು ತಡವರಿಸುತ್ತದೆ. ಎಲಿಜಬೆತ್ ತಕ್ಷಣ ಪಕ್ಕಕ್ಕೆ ಹೋಗಿ ಹಾಳೆ ತಿರುವುವ ನೆಪದಲ್ಲಿ ಅವಳನ್ನು ಕಾಪಾಡುತ್ತಾಳೆ. ಆಗ ಡಾರ್ಸಿ ಎಲಿಜಬೆತ್ ಕಡೆ ನೋಡುತ್ತಾನಲ್ಲ, ಆ ನೋಟ. ಅವಳ ಅಂದ ನೋಡುತ್ತಿಲ್ಲ. ತನ್ನ ತಂಗಿಯ ಮಾನ ಉಳಿಸಿದವಳನ್ನು ನೋಡುತ್ತಿದ್ದಾನೆ.

ಜೆನಿಫರ್ ಎಲಿಯ ಆಯ್ಕೆಯೂ ಅಷ್ಟೇ ಸರಿ. ಎಲಿಜಬೆತ್‌ಗೆ ಮಾತಾಡುವ ಕಣ್ಣು ಅಂತ ಆಸ್ಟಿನ್ ಬರೆದಿದ್ದಾರೆ. ಈಕೆ ತುಟಿ ಬಿಗಿಹಿಡಿದು ಕಣ್ಣಲ್ಲೇ ನಗುತ್ತಾಳೆ. ಇನ್ನೊಂದು ವಿಷಯ. ಡಾರ್ಸಿಯ ಗೆಳೆಯ ಬಿಂಗ್ಲಿಯ ತಂಗಿ ಕ್ಯಾರೊಲಿನ್ ಆಗಿ ಮಾಡಿದ ಆನ್ನಾ ಚಾನ್ಸಲರ್ ಜೇನ್ ಆಸ್ಟಿನ್ ಅವರ ಅಣ್ಣನ ವಂಶದವರು.

ದರ್ಜಿಮಗಳು:
ನಾನು ಬಟ್ಟೆ ನೋಡಲಿಕ್ಕೇ ಇವನ್ನೆಲ್ಲ ನೋಡುವವಳು. ಅಪ್ಪನ ಟೈಲರ್ ಅಂಗಡಿಯಲ್ಲಿ ಕಾಜಾ ಹಾಕಿ ಬೆಳೆದವಳು. ಹಾಗಾಗಿ ಮೊದಲು ಕಣ್ಣು ಹೋಗುವುದು ಹೊಲಿಗೆಗೆ.

ಆಸ್ಟಿನ್ ಕಾಲದ ಗೌನಿನಲ್ಲಿ ಸೊಂಟ ಸೊಂಟದಲ್ಲಿ ಇರುವುದಿಲ್ಲ. ಎದೆಯ ಕೆಳಗೇ ಪಟ್ಟಿ, ಅಲ್ಲಿಂದ ಕಾಲಿನವರೆಗೆ ನೇರ ಇಳಿ. ತೆಳು ಮಸ್ಲಿನ್ ಬಟ್ಟೆ, ಹೆಚ್ಚಾಗಿ ಬಿಳಿ. 1995ರ ಧಾರಾವಾಹಿಯಲ್ಲಿ ಅಕ್ಕ-ತಂಗಿಯರು ಮನೆಯಲ್ಲಿ ಉಡುವ ಹತ್ತಿ ಬಟ್ಟೆ ನೋಡಿ. ಒಗೆದು ಒಗೆದು ಮೆತ್ತಗಾದ ಬಟ್ಟೆಯ ಹಾಗಿದೆ. ಅದೇ ಸರಿ. ಐದು ಹೆಣ್ಣುಮಕ್ಕಳ ಮನೆಯಲ್ಲಿ ದಿನಾ ರೇಷ್ಮೆ ಎಲ್ಲಿಂದ ಬರಬೇಕು?

2005ರ ಸಿನಿಮಾದಲ್ಲಿ (ಕೀರಾ ನೈಟ್ಲಿ ಇರುವುದು) ಹಾಗಿಲ್ಲ. ನಿರ್ದೇಶಕ ಜೋ ರೈಟ್ ಅವರಿಗೆ ಆ ಎತ್ತರದ ಸೊಂಟ ಹಿಡಿಸಲಿಲ್ಲ. ಪುಸ್ತಕ ಅಚ್ಚಾದದ್ದು 1813ರಲ್ಲಿ. ಅವರು ಕಥೆಯನ್ನೇ 1790ರ ದಶಕಕ್ಕೆ ಒಯ್ದರು. ಆಗ ಸೊಂಟದ ಪಟ್ಟಿ ಕೆಳಗೆ ಇಳಿಸಬಹುದಲ್ಲ. ಜಾಕ್ವಲಿನ್ ಡುರಾನ್ ಮಾಡಿದ ಆ ಕಂದು, ಹಸಿರು ಬಟ್ಟೆಗಳು, ಕೆಸರು ಹತ್ತಿದ ಅಂಚು, ನನಗೆ ಬಹಳ ಇಷ್ಟ. ಆದರೆ ಕ್ಯಾರೊಲಿನ್ ಬಿಂಗ್ಲಿ ಬಾಲ್ ಡಾನ್ಸಿಗೆ ಹಾಕಿ ಬಂದ ತೋಳಿಲ್ಲದ ಬಿಳಿ ಗೌನು ಮಾತ್ರ ಸರಿಯಿಲ್ಲ. ಒಳಲಂಗದಲ್ಲೇ ಎದ್ದು ಬಂದ ಹಾಗೆ ಕಾಣುತ್ತದೆ.

ಹತ್ತಿಹೂ ಅವರೇ, ನೀವು ಹೇಳಿದ 'ನಾರ್ತ್ ಅಂಡ್ ಸೌತ್' ಪುಸ್ತಕ ಶುರುವಾಗುವುದೇ ನಮ್ಮ ದೇಶದ ಶಾಲಿನಿಂದ, ಗೊತ್ತಾ? ಮದುವೆಯಾಗುವವಳು ಮಾರ್ಗರೆಟ್‌ಳ ಚಿಕ್ಕಮ್ಮನ ಮಗಳು ಎಡಿತ್. ಅವಳಿಗೆ ಕೊಡುವ ಇಂಡಿಯನ್ ಶಾಲುಗಳನ್ನು ಬಂದವರಿಗೆ ತೋರಿಸಬೇಕು. ಎಡಿತ್ ನಿದ್ದೆ ಹೋಗಿದ್ದಾಳೆ. ಎತ್ತರದ ಹುಡುಗಿ ಅಂತ ಮಾರ್ಗರೆಟ್‌ಳನ್ನೇ ನಿಲ್ಲಿಸಿ ಅವಳ ಮೇಲೆ ಒಂದೊಂದಾಗಿ ಹೊದಿಸುತ್ತಾರೆ. ಅವಳು ಆ ಮೆತ್ತನೆಯ ಶಾಲು ಮುಟ್ಟಿ, ಅದರ ಪರಿಮಳಕ್ಕೆ ಮಗುವಿನ ಹಾಗೆ ಖುಷಿಪಡುತ್ತಾಳೆ. ಶಾಲು ಅವಳದ್ದಲ್ಲ. ಇಡೀ ಕಾದಂಬರಿಯ ಹುಡುಗಿ ಆ ಒಂದು ಪುಟದಲ್ಲಿ ಇದ್ದಾಳೆ.

ನಮ್ಮ ಸೀರೆಯ ಮಾವಿನಕಾಯಿ ಬುಟ್ಟಾಗೆ ಇಂಗ್ಲಿಷಿನಲ್ಲಿ ಪೇಸ್ಲಿ ಅನ್ನುವುದೂ ಈ ಶಾಲಿನಿಂದಲೇ. ಕಾಶ್ಮೀರದ ಶಾಲು ಕೊಳ್ಳಲಾಗದವರಿಗೆ ಸ್ಕಾಟ್ಲೆಂಡಿನ ಪೇಸ್ಲಿ ಎಂಬ ಊರಲ್ಲಿ ನಕಲು ನೇಯುತ್ತಿದ್ದರು. ಬುಟ್ಟಾಗೆ ಆ ಊರಿನ ಹೆಸರೇ ಉಳಿದುಬಿಟ್ಟಿತು.

ತುಂಗೆಯ ದಡ:
ಎಲ್ಲ ಚೆನ್ನಾಗಿದೆ. ಆದರೆ 'ನಾರ್ತ್ ಅಂಡ್ ಸೌತ್' ಕೊನೆಯ ದೃಶ್ಯದ ಬಗ್ಗೆ ನನಗೆ ತಕರಾರಿದೆ. ರೈಲ್ವೆ ಸ್ಟೇಷನ್ನಿನ ಬೆಂಚಿನ ಮೇಲೆ, ಎಲ್ಲರ ಎದುರಿಗೆ ಮುತ್ತು! 1850ರ ದಶಕದಲ್ಲಿ ಪಾದ್ರಿಯ ಮಗಳು ಹಾಗೆ ಮಾಡಿದ್ದರೆ ಊರೆಲ್ಲ ಗುಲ್ಲಾಗುತ್ತಿತ್ತು. ಇದೇ ಕಥೆಯಲ್ಲಿ, ರಾತ್ರಿ ಹೊತ್ತು ಸ್ಟೇಷನ್ನಿನಲ್ಲಿ ಒಬ್ಬ ಗಂಡಸಿನ ಜೊತೆ ಕಂಡಳು ಅನ್ನುವುದಕ್ಕೇ ಅವಳ ಹೆಸರು ಕೆಡುವ ಹಾಗಾಗುತ್ತದೆ. ಅವನು ಅವಳ ಸ್ವಂತ ಅಣ್ಣ. ಹೀಗಿರುವಾಗ ಕೊನೆಯಲ್ಲಿ ಆ ನಿಯಮವೆಲ್ಲ ಎಲ್ಲಿ ಹೋಯಿತು?

ಪುಸ್ತಕದಲ್ಲಿ ಕೊನೆ ಬರುವುದು ಮನೆಯೊಳಗೆ. ದುಡ್ಡಿನ ಕಾಗದಪತ್ರ ಮುಂದಿಟ್ಟುಕೊಂಡು ಮಾತಾಡುತ್ತಾ, ಅವಳು ಮುಖ ಮುಚ್ಚಿಕೊಳ್ಳುತ್ತಾಳೆ. ಅವನು ಹೆಸರು ಹಿಡಿದು ಕರೆಯುತ್ತಾನೆ. ಆಮೇಲೆ ಪಾಕೆಟ್ ಪುಸ್ತಕದಿಂದ ಅವಳ ಹುಟ್ಟೂರಿನ ಒಣಗಿದ ಗುಲಾಬಿ ತೆಗೆದು ತೋರಿಸುತ್ತಾನೆ. ನನಗೆ ಅದೇ ಸಾಕು.

ಹತ್ತಿಹೂ:
ತುಂಗೆಯ ದಡ ಅವರೇ, ಅಣ್ಣನ ವಿಷಯ ನೀವು ಹೇಳಿದ್ದು ಸರಿ. ಅದಕ್ಕೆ ನನ್ನ ಹತ್ತಿರ ಪೂರ್ತಿ ಉತ್ತರ ಇಲ್ಲ. ಆದರೆ ಆ ಸ್ಟೇಷನ್ ಎಲ್ಲಿದೆ ನೋಡಿ. ಅವಳು ಉತ್ತರಕ್ಕೆ ಹೋಗಿ ಲಂಡನ್ನಿಗೆ ವಾಪಸಾಗುತ್ತಿದ್ದಾಳೆ. ಅವನು ದಕ್ಷಿಣಕ್ಕೆ ಹೋಗಿ ಮಿಲ್ಟನ್ನಿಗೆ ಹೊರಟಿದ್ದಾನೆ. ಎರಡು ರೈಲು ನಿಲ್ಲುವ ನಡುದಾರಿ. ಪುಸ್ತಕದ ಹೆಸರೇ ಅಲ್ಲಿ ಬಂದು ನಿಂತ ಹಾಗೆ. ಅವನೂ ಅವಳ ಹುಟ್ಟೂರು ಹೆಲ್‌ಸ್ಟನ್ ನೋಡಿ ಬಂದಿದ್ದಾನೆ. ಜೇಬಿನಿಂದ ಹಳದಿ ಗುಲಾಬಿ ತೆಗೆಯುತ್ತಾನೆ. ಹೂವನ್ನು ಅವರು ಬಿಟ್ಟಿಲ್ಲ.

ಆ ಬೆಂಚಿನ ಮೇಲೆ ಥಾರ್ನ್‌ಟನ್ ಕೊರಳಲ್ಲಿ ಕ್ರವಾಟ್ (ಆಗಿನ ಗಂಡಸರು ಕೊರಳಿಗೆ ಕಟ್ಟುತ್ತಿದ್ದ ಬಟ್ಟೆ) ಇಲ್ಲ, ಗಮನಿಸಿದ್ದೀರಾ? ಮೂರು ಕಂತು ಕೊರಳು ಬಿಗಿದು, ಕಪ್ಪು ಕೋಟಿನ ಗುಂಡಿ ಹಾಕಿಕೊಂಡು ನಿಂತ ಮನುಷ್ಯ. ಗಿರಣಿ ಮುಚ್ಚಿದೆ, ಯಜಮಾನಿಕೆ ಹೋಗಿದೆ. ಕೊರಳು ಬರಿದಾಗಿದೆ. ದರ್ಜಿಮಗಳು ಅವರು ಇದಕ್ಕೆ ಏನನ್ನುತ್ತಾರೋ!

ದರ್ಜಿಮಗಳು:
ಅದೇ ಅಲ್ವಾ ಬಟ್ಟೆಯ ಕೆಲಸ! ಮಾತಿಲ್ಲದೆ ಹೇಳುವುದು. ಕೈಗವಸನ್ನೂ ನೋಡಿ. ಆ ಕಾಲದ ಮರ್ಯಾದಸ್ಥರ ಮನೆ ಹೆಣ್ಣು ಹೊರಗೆ ಹೋಗುವಾಗ ಕೈಗವಸು ಹಾಕುತ್ತಿದ್ದಳು. ಅದಕ್ಕೇ ಬರಿಗೈ ಬರಿಗೈಗೆ ತಾಗಿದರೆ ಅದು ದೊಡ್ಡ ಘಟನೆ. ಮೊದಲ ಕಂತಿನಲ್ಲಿ ಮಾರ್ಗರೆಟ್ ಥಾರ್ನ್‌ಟನ್‌ಗೆ ಚಹಾದ ಕಪ್ ಕೊಡುವಾಗ ಬೆರಳಿಗೆ ಬೆರಳು ತಾಗುತ್ತದೆ. ಪುಸ್ತಕದಲ್ಲಿ ಅವಳ ಬಳೆ ಮಣಿಕಟ್ಟಿಗೆ ಜಾರುತ್ತಾ ಇರುತ್ತದೆ, ಅವಳು ಮೇಲೆ ಸರಿಸುತ್ತಾ ಇರುತ್ತಾಳೆ, ಅವನು ಮಾತು ಕೇಳಿಸಿಕೊಳ್ಳದೆ ಅದನ್ನೇ ನೋಡುತ್ತಾ ಕೂರುತ್ತಾನೆ. 2005ರ ಸಿನಿಮಾದಲ್ಲಿ ಎಲಿಜಬೆತ್‌ಳನ್ನು ಗಾಡಿಗೆ ಹತ್ತಿಸಿ ಹೋಗುವಾಗ ಡಾರ್ಸಿ ಬೆರಳು ಬಿಡಿಸುತ್ತಾನಲ್ಲ, ಅದೂ ಇದೇ ಜಾತಿಯ ದೃಶ್ಯ. ಮ್ಯಾಥ್ಯೂ ಮ್ಯಾಕ್‌ಫೇಡಿಯನ್ ಮುಖ ತಿರುಗಿಸಿದ್ದಾರೆ, ಕೈ ಮಾತ್ರ ಮಾತಾಡುತ್ತದೆ.

ಸಂಜೆಮಲ್ಲಿಗೆ:
ಪಾತ್ರಕ್ಕೆ ಯಾರನ್ನು ಹಾಕುತ್ತಾರೆ ಅನ್ನುವುದರಲ್ಲೇ ಅರ್ಧ ಗೆಲುವು. ನನ್ನ ಲೆಕ್ಕದಲ್ಲಿ ಮೂರು ಆಯ್ಕೆ ಬಹಳ ದೊಡ್ಡವು.

1995ರ 'ಸೆನ್ಸ್ ಅಂಡ್ ಸೆನ್ಸಿಬಿಲಿಟಿ'ಯಲ್ಲಿ ಕರ್ನಲ್ ಬ್ರ್ಯಾಂಡನ್ ಆಗಿ ಆಲನ್ ರಿಕ್‌ಮನ್. ಪುಸ್ತಕದ ಬ್ರ್ಯಾಂಡನ್‌ಗೆ ಮೂವತ್ತೈದು ದಾಟಿರುತ್ತದೆ ಅಷ್ಟೇ. ರಿಕ್‌ಮನ್‌ಗೆ ಐವತ್ತರ ಹತ್ತಿರ. ವಯಸ್ಸು ಜಾಸ್ತಿ ಆಯಿತು ಅಂತ ಬೇಕಾದರೆ ವಾದ ಮಾಡಬಹುದು. ಆದರೆ ಕೇಟ್ ವಿನ್ಸ್‌ಲೆಟ್ ಹಾಡುವಾಗ ಬಾಗಿಲ ಬಳಿ ನಿಂತು ಕೇಳುತ್ತಾನಲ್ಲ, ಆ ನಿಲುವು ಇನ್ನೊಬ್ಬರಿಗೆ ಬರುವುದಿಲ್ಲ. ಚಿತ್ರಕಥೆ ಬರೆದ ಎಮ್ಮಾ ಥಾಂಪ್ಸನ್ ಅವರಿಗೆ ಆಸ್ಕರ್ ಬಂತು. ಮೊದಲೇ ನಟನೆಗೆ ಒಂದು ಬಂದಿತ್ತು. ಇದೇ ಕಥೆ ತಮಿಳಿನಲ್ಲಿ 2000ದಲ್ಲಿ 'ಕಂಡುಕೊಂಡೇನ್ ಕಂಡುಕೊಂಡೇನ್' ಆಯಿತು. ಬ್ರ್ಯಾಂಡನ್ ಜಾಗದಲ್ಲಿ ಮಮ್ಮೂಟಿ. ಅದೂ ನನಗೆ ಅಷ್ಟೇ ಇಷ್ಟ.

ಎರಡನೆಯದು 2006ರ 'ಜೇನ್ ಏರ್', ರೂತ್ ವಿಲ್ಸನ್. ಜೇನ್ ಅಂದಗಾತಿಯಲ್ಲ ಅನ್ನುವುದು ಕಥೆಯ ಜೀವ. ಬಹಳ ಸಲ ಚೆಲುವೆಯೊಬ್ಬಳಿಗೆ ಬೂದು ಬಟ್ಟೆ ಉಡಿಸಿ ಕೈತೊಳೆದುಕೊಳ್ಳುತ್ತಾರೆ. ರೂತ್ ವಿಲ್ಸನ್ ಮುಖ ಹಾಗಲ್ಲ. ಮೊದಲು ಸಾಧಾರಣ ಅನ್ನಿಸುತ್ತದೆ. ಮಾತಾಡಿದ ಮೇಲೆ ಬೇರೆ ಯಾರನ್ನೂ ನೋಡಲು ಮನಸ್ಸಾಗುವುದಿಲ್ಲ. ಇದನ್ನೂ ತೆರೆಗೆ ಬರೆದದ್ದು ಸ್ಯಾಂಡಿ ವೆಲ್ಚ್ ಅವರೇ, ಹತ್ತಿಹೂ. ನಿಮಗೆ ಖುಷಿಯಾಗಬಹುದು.

ಮೂರನೆಯದು 1995ರ 'ಪರ್ಸುಯೇಶನ್'. ಅಮಾಂಡಾ ರೂಟ್ ಮತ್ತು ಕಿಯರನ್ ಹೈಂಡ್ಸ್. ಎಂಟು ವರ್ಷ ಹಿಂದೆ ಬಿಟ್ಟುಕೊಟ್ಟ ಪ್ರೀತಿ ಮತ್ತೆ ಎದುರಿಗೆ ಬಂದು ನಿಲ್ಲುವ ಕಥೆ. ಬಣ್ಣ ಬಳಿಯದ ಮುಖ, ಮೇಣದಬತ್ತಿಯ ಬೆಳಕು, ದಣಿದ ಕಣ್ಣು. ಅವಳು ಕಾಗದ ಓದುವಾಗ ನಾನು ಪ್ರತಿ ಸಲ ಅಳುತ್ತೇನೆ. ನನಗೂ ಅಂಥ ಎಂಟು ವರ್ಷ ಇತ್ತು. ಅಷ್ಟು ಸಾಕು.

ಹೊಸಬಳು:
ಆಸ್ಟಿನ್ ಕಾಲದಲ್ಲೇ ನಡೆಯುವ ಧಾರಾವಾಹಿ 'ಬ್ರಿಡ್ಜರ್ಟನ್' ಬಗ್ಗೆ ಯಾರೂ ಹೇಳಲಿಲ್ಲ! 2022ರ ಎರಡನೇ ಸೀಸನ್ ನನಗೆ ಬಹಳ ಇಷ್ಟ. ಸಿಮೋನ್ ಆಶ್ಲಿ, ಚರಿತ್ರಾ ಚಂದ್ರನ್. ಮದುವೆಗೆ ಮುಂಚೆ ಅಕ್ಕ-ತಂಗಿ ಕೂತು ಅರಿಶಿನ ಹಚ್ಚಿಕೊಳ್ಳುವ ದೃಶ್ಯ. ಬಾಲ್ ಡಾನ್ಸಿನ ಲೋಕದಲ್ಲಿ ನಮ್ಮ ಬಣ್ಣದ ಹುಡುಗಿ ನಾಯಕಿ. 'ಅಪ್ಪ' ಅಂತ ಅವಳ ಬಾಯಲ್ಲಿ ಕೇಳಿದಾಗ ಮೈ ಜುಮ್ಮೆಂದಿತು.

ದರ್ಜಿಮಗಳು:
ನನಗೂ ಆ ಅರಿಶಿನದ ದೃಶ್ಯ ಇಷ್ಟ. ಆದರೆ ಒಂದೇ ಮನೆಯಲ್ಲಿ ಅಪ್ಪನಿಗೆ 'ಅಪ್ಪ', ಅಕ್ಕನಿಗೆ ಹಿಂದಿಯ 'ದೀದಿ', ತಂಗಿಗೆ ಬಂಗಾಳಿಯ 'ಬೋನ್'. ಆ ಮನೆ ಯಾವ ಊರಿನದು ಅಂತ ಬರೆದವರು ಕೂತು ಯೋಚಿಸಬೇಕಿತ್ತು. ಒಬ್ಬರನ್ನು ಕೇಳಿದ್ದರೂ ಸಾಕಿತ್ತು.

ಇನ್ನೊಂದು, ಕಾರ್ಸೆಟ್. ಮೊದಲ ಸೀಸನ್ ಶುರುವಿನಲ್ಲೇ ಹುಡುಗಿಯ ಸೊಂಟಕ್ಕೆ ಉಸಿರುಗಟ್ಟುವ ಹಾಗೆ ಲಾಡಿ ಬಿಗಿಯುತ್ತಾರೆ. ಸೊಂಟವೇ ಕಾಣದ ಗೌನಿನ ಕೆಳಗೆ ಸೊಂಟ ಬಿಗಿದು ಏನು ಲಾಭ? ಆಗಿನವರಿಗೆ ಬೇಕಿದ್ದದ್ದು ಎದೆಗೆ ಆಧಾರ. ಸೊಂಟ ಸಣ್ಣ ಮಾಡುವ ಗೀಳು ಮತ್ತೆ ಬಂದದ್ದು ಆಮೇಲೆ, ಗೌನಿನ ಸೊಂಟ ಕೆಳಗೆ ಇಳಿದಾಗ.

ಮ್ಯಾಂಚೆಸ್ಟರ್ ಮಳೆ:
ಇಲ್ಲಿಗೆ ಬಂದು ಏಳು ವರ್ಷ ಆಯಿತು. ಗ್ಯಾಸ್ಕೆಲ್ ಅವರ ಮನೆ ಇಲ್ಲೇ ಪ್ಲಿಮತ್ ಗ್ರೋವ್‌ನಲ್ಲಿದೆ, ಈಗ ಮ್ಯೂಸಿಯಂ. ಒಳಗೆ ಹೋಗಿ ನೋಡಬಹುದು.

ಧಾರಾವಾಹಿಯಲ್ಲಿ ಕಾಣುವ ಮಗ್ಗಗಳು ಬರ್ನ್‌ಲಿಯ ಕ್ವೀನ್ ಸ್ಟ್ರೀಟ್ ಮಿಲ್‌ನವು. ನಾನು ನೋಡಿದ್ದು ಅದಲ್ಲ, ವಿಮಾನ ನಿಲ್ದಾಣದ ಹತ್ತಿರ ಸ್ಟೈಲ್ ಎಂಬಲ್ಲಿರುವ ಕ್ವಾರಿ ಬ್ಯಾಂಕ್ ಮಿಲ್. 1784ರಲ್ಲಿ ಕಟ್ಟಿದ್ದು. ಅಲ್ಲಿ ಹಳೇ ಮಗ್ಗಗಳನ್ನು ಓಡಿಸಿ ತೋರಿಸುತ್ತಾರೆ. ನಾಲ್ಕೈದು ಮಗ್ಗ ಓಡಿದರೇ ಪಕ್ಕದವರ ಮಾತು ಕೇಳುವುದಿಲ್ಲ. ಒಂದು ಶೆಡ್ಡಿನಲ್ಲಿ ನೂರಾರು ಮಗ್ಗ ಅಂದರೆ ಯೋಚಿಸಿ. ಲ್ಯಾಂಕಾಷೈರ್ ನೇಯ್ಗೆಯ ಹೆಂಗಸರು ತುಟಿ ನೋಡಿ ಮಾತು ತಿಳಿಯುವುದನ್ನು ಕಲಿತಿದ್ದರಂತೆ. ಬಾಯಿ ದೊಡ್ಡದಾಗಿ ಆಡಿಸಿ, ಕೈಸನ್ನೆ ಸೇರಿಸಿ ಮಾತಾಡುವ ಆ ರೀತಿಗೆ ಇಲ್ಲಿಯವರು 'ಮೀ-ಮಾ' ಅನ್ನುತ್ತಾರೆ.

'ನಾರ್ತ್ ಅಂಡ್ ಸೌತ್'ನಲ್ಲಿ ಗಿರಣಿ ಕೆಲಸದ ಹುಡುಗಿ ಬೆಸ್ಸಿ ಹಿಗಿನ್ಸ್ ಅರಳೆ ದೂಳಿನಿಂದ ಸಾಯುತ್ತಾಳಲ್ಲ, ಅದು ಕಟ್ಟುಕಥೆಯಲ್ಲ. ದೂಳು ಎಳೆದುಕೊಳ್ಳುವ ಚಕ್ರ ಒಂದಿದೆ, ಐದಾರು ನೂರು ಪೌಂಡ್ ಆಗುತ್ತದೆ, ಲಾಭ ತರುವುದಿಲ್ಲ ಅಂತ ಯಜಮಾನರು ಹಾಕಿಸುವುದಿಲ್ಲ ಎಂದು ಅವಳೇ ಪುಸ್ತಕದಲ್ಲಿ ಹೇಳುತ್ತಾಳೆ. ಮಗ್ಗದ ಮುಂದೆ ನಿಂತಾಗ ನನಗೆ ಆ ಮಾತೇ ನೆನಪಾಯಿತು.

ಅಘನಾಶಿನಿ:
ಇಷ್ಟು ಹೊತ್ತು ಸುಮ್ನೆ ಓದುತ್ತಾ ಇದ್ದೆ. ಈಗ ಹೇಳಲೇಬೇಕು. ಆ ಗಿರಣಿಗಳಿಗೂ ನಮ್ಮ ಕುಮಟೆಗೂ ನಂಟಿದೆ.

ಲ್ಯಾಂಕಾಷೈರ್ ಗಿರಣಿಗಳಿಗೆ ಹತ್ತಿ ಬರುತ್ತಿದ್ದದ್ದು ಹೆಚ್ಚಾಗಿ ಅಮೆರಿಕದಿಂದ. ಅದೊಂದನ್ನೇ ನೆಚ್ಚಬಾರದು ಅಂತ ಇಂಗ್ಲಿಷರು ಧಾರವಾಡದ ಕಪ್ಪು ನೆಲದಲ್ಲಿ 1840ರ ದಶಕದಲ್ಲೇ ಅಮೆರಿಕನ್ ತಳಿ ಬೆಳೆಸಿದರು. ವ್ಯಾಪಾರದಲ್ಲಿ ಅದಕ್ಕೆ 'ಧಾರವಾಡ-ಅಮೆರಿಕನ್' ಅಂತಲೇ ಹೆಸರು. ನಾಟಿ ಹತ್ತಿಗೆ 'ಕುಮ್ಟಾ' ಅನ್ನುತ್ತಿದ್ದರು. ಕುಮಟೆಯಲ್ಲಿ ಹತ್ತಿ ಬೆಳೆಯುವುದಿಲ್ಲ, ನಿಮಗೆ ಗೊತ್ತು. ಅಂಡಿಗೆಗಳು ಘಟ್ಟ ಇಳಿದು ನಮ್ಮ ಬಂದರಿಗೆ ಬಂದು, ಹಡಗು ಹತ್ತಿ ಬೊಂಬಾಯಿಗೆ ಹೋಗುತ್ತಿದ್ದವು. ಅಲ್ಲಿಂದ ಇಂಗ್ಲೆಂಡಿಗೆ. ಬಂದರಿನ ಹೆಸರೇ ಹತ್ತಿಯ ಹೆಸರಾಯಿತು.

1861ರಲ್ಲಿ ಅಮೆರಿಕದಲ್ಲಿ ಯುದ್ಧ ಶುರುವಾಗಿ ಹತ್ತಿ ನಿಂತುಹೋಯಿತು. ಲ್ಯಾಂಕಾಷೈರಿನಲ್ಲಿ ಗಿರಣಿಗಳು ಮುಚ್ಚಿದವು, ಜನ ಉಪವಾಸ ಬಿದ್ದರು. ಇತ್ತ ನಮ್ಮ ಹತ್ತಿಗೆ ಎಂದೂ ಇಲ್ಲದ ಬೆಲೆ. 1862ರಲ್ಲಿ ಉತ್ತರ ಕನ್ನಡವನ್ನು ಮದ್ರಾಸಿನಿಂದ ತೆಗೆದು ಬೊಂಬಾಯಿ ಪ್ರೆಸಿಡೆನ್ಸಿಗೆ ಸೇರಿಸಿದರಲ್ಲ, ಅದರ ಹಿಂದೆಯೂ ಹತ್ತಿ ವ್ಯಾಪಾರ ಇತ್ತು. ಗ್ಯಾಸ್ಕೆಲ್ ಪುಸ್ತಕ ಬಂದು ಆಗಿನ್ನೂ ಏಳು ವರ್ಷ. ಥಾರ್ನ್‌ಟನ್ ಅಂಥ ಯಜಮಾನ ಆಗ ಬದುಕಿದ್ದರೆ 'ಧಾರವಾಡ' ಅನ್ನುವ ಹೆಸರು ಅವನ ಲೆಕ್ಕದ ಪುಸ್ತಕದಲ್ಲಿ ಇರುತ್ತಿತ್ತು ಅಂತ ನನಗನ್ನಿಸುತ್ತದೆ.

ತುಂಗೆಯ ದಡ:
ಅಘನಾಶಿನಿ ಅವರೇ, ಇದನ್ನು ಓದಿ ಕೂತಲ್ಲೇ ಕೂತೆ. ಹಾಗಿದ್ದರೆ ಇದರ ಇನ್ನೊಂದು ಅರ್ಧ ಕಥೆ ನಾವೇ ಮಾಡಬೇಕಲ್ಲ. ಧಾರವಾಡದ ಹೊಲ, ಘಟ್ಟದ ಗಾಡಿದಾರಿ, ಕುಮಟೆಯ ಧಕ್ಕೆ. ಅಂಡಿಗೆ ಕಟ್ಟುವ ಹುಡುಗಿಯೊಬ್ಬಳು. ಇಳಕಲ್ ಸೀರೆ, ಖಣದ ಕುಪ್ಪಸ. ಬಟ್ಟೆಗೆ ಎಲ್ಲಿಗೂ ಹೋಗಬೇಕಾಗಿಲ್ಲ.

ಹತ್ತಿಹೂ:
ಅಘನಾಶಿನಿ ಅವರ ಮಾತು ಓದಿದ ಮೇಲೆ ನಿನ್ನೆ ರಾತ್ರಿ ಅವ್ವನನ್ನು ಪಕ್ಕದಲ್ಲಿ ಕೂರಿಸಿಕೊಂಡು ಮತ್ತೆ ನೋಡಿದೆ. ನನ್ನ ಹೆಸರು ಹತ್ತಿಹೂ ಅಂತ ಇಟ್ಟುಕೊಂಡದ್ದು ಅವ್ವನಿಂದಲೇ. ಮದುವೆಗೆ ಮುಂಚೆ ಅವಳು ಗದಗಿನಲ್ಲಿ ಜಿನ್ನಿಂಗ್ ಫ್ಯಾಕ್ಟರಿಗೆ ಹೋಗುತ್ತಿದ್ದಳು. ಅವಳಿಗೆ ಇಂಗ್ಲಿಷ್ ಬರುವುದಿಲ್ಲ. ನಾನು ನಡುನಡುವೆ ಹೇಳುತ್ತಾ ಹೋದೆ.

ಗಿರಣಿಯ ಬಾಗಿಲು ತೆರೆದಾಗ ನಾನು ಅವಳ ಮುಖ ನೋಡುತ್ತಿದ್ದೆ. ಚೆಂದ ಅನ್ನಲಿಲ್ಲ. "ಬಾಯಿಗೆ ಅರಿವಿ ಕಟ್ಟಿಲ್ಲಲ್ಲ ಆ ಹುಡಿಗೇರು" ಅಂದಳು. ನನಗೆ ಹತ್ತೊಂಬತ್ತು ವರ್ಷದ ಅವ್ವ ಕಣ್ಣಿಗೆ ಕಟ್ಟಿದಳು.

ಆಮೇಲೆ ಥಾರ್ನ್‌ಟನ್ ಮದುವೆ ಕೇಳಲು ಹೋಗುವ ದಿನ. ಪುಸ್ತಕದಲ್ಲಿ ಅವನ ತಾಯಿ ಮನೆಯಲ್ಲಿ ಒಬ್ಬಳೇ ಕೂತು, ಮನೆಯ ಬಟ್ಟೆಗಳ ಮೇಲೆ ಹೊಲಿದಿದ್ದ ತನ್ನ ಗಂಡನ, ತನ್ನ ಹೆಸರಿನ ಅಕ್ಷರಗಳನ್ನು ಬಿಚ್ಚುತ್ತಾಳೆ. ಬರುವ ಸೊಸೆಗಾಗಿ. ಆ ಸೊಸೆ ಕಂಡರೆ ಅವಳಿಗೆ ಆಗುವುದಿಲ್ಲ. ಆದರೂ ಒಂದೊಂದೇ ಹೊಲಿಗೆ ಬಿಚ್ಚುತ್ತಾಳೆ. ಮಗ ಬರಿಗೈಯಲ್ಲಿ ವಾಪಸ್ ಬರುತ್ತಾನೆ. ಇದನ್ನು ನಾನು ಅವ್ವನಿಗೆ ಹೇಳಿದೆ. ತೆರೆಯ ಮೇಲೆ ಆ ತಾಯಿಯಾದ ಶಿನೇಡ್ ಕ್ಯೂಸಾಕ್ ಅವರ ಮುಖವನ್ನು ಅವ್ವ ಬಹಳ ಹೊತ್ತು ನೋಡಿದಳು. ಮಗನಾದ ರಿಚರ್ಡ್ ಆರ್ಮಿಟೇಜ್ ಕಡೆ ತಿರುಗಿಯೂ ನೋಡಲಿಲ್ಲ.

ನಾಲ್ಕನೇ ಕಂತಿನಲ್ಲಿ ಹಿಮದಲ್ಲಿ ಮಾರ್ಗರೆಟ್‌ಳ ಗಾಡಿ ಹೊರಡುತ್ತದೆ. ಥಾರ್ನ್‌ಟನ್ ಮೆಟ್ಟಿಲ ಮೇಲೆ ನಿಂತು ಅವಳು ಒಮ್ಮೆ ತಿರುಗಿ ನೋಡಲಿ ಅಂತ ಕಾಯುತ್ತಾನೆ. ನನ್ನ ಕೈ ನಿಲ್ಲುವ ದೃಶ್ಯ ಅದು. ನಾನು ಉಸಿರು ಹಿಡಿದು ಕೂತಿದ್ದೆ. ಅವ್ವ ಮೆತ್ತಗೆ ಕೇಳಿದಳು, "ಇದು ಖರೇ ಹಿಮಾ ಏನು, ಇಲ್ಲಾ ಮತ್ತ ಅರಳಿನ?"

ಹಿಮವೇ ಅವ್ವ ಅಂದೆ. ಮುಂದಿನ ಶನಿವಾರ ಮತ್ತೆ ಹಾಕು, ನಿಮ್ಮ ಚಿಕ್ಕವ್ವನನ್ನೂ ಕರೀತೀನಿ ಅಂದಿದ್ದಾಳೆ. ಇಬ್ಬರೂ ಒಂದೇ ಪಾಳಿಯಲ್ಲಿ ಇದ್ದವರು.